ಎಡಗೈಗೆ ಹೊಂದಿಸಿದ ಕೀಗಳು

ಚಹಾ ಕುಡಿಯುವಾಗಲೂ ಅಕ್ಕನ ಎಡಗೈ ಕಿರುಬೆರಳು ಮೇಜಿನ ಅಂಚನ್ನು ಒತ್ತಿಕೊಂಡೇ ಇರುತ್ತಿತ್ತು. ವರ್ಷಗಟ್ಟಲೆ ಕಂಟ್ರೋಲ್ ಕೀ ಒತ್ತಿ ಒತ್ತಿ ಅದರ ತುದಿ ಹೊರಕ್ಕೆ ಬಾಗಿತ್ತು. ಸ್ಟೇಶನ್ ಬಜಾರದ ಲಾಡ್ಜೊಂದರ ಮೇಲಿದ್ದ ನಮ್ಮ ಪುಟ್ಟ ಸಾಫ್ಟ್‌ವೇರ್ ಆಫೀಸಿಗೆ ಆಕೆಯೇ ಹಿರಿಯಳು, ಅದಕ್ಕೇ ನಮಗೆಲ್ಲ ಅಕ್ಕ. ದಿನಾ ಕಮಲಾಪುರದಿಂದ ಬಸ್ಸಿನಲ್ಲಿ ಬರುತ್ತಿದ್ದಳು, ಚೀಲದಲ್ಲಿ ಊರಿನ ಕೆಂಪು ಬಾಳೆಹಣ್ಣು ಇಟ್ಟುಕೊಂಡು. ಯಾರ ಮುಲಾಜಿಗೂ ಬೀಳುವವಳಲ್ಲ. ಬೇಸಿಗೆಯಲ್ಲಿ ಮಾಲೀಕರು ಎಸಿ ಹಚ್ಚಲು ಹಿಂದೆಮುಂದೆ ನೋಡಿದರೆ, "ಕಂಪ್ಯೂಟರ್ ಬಿಡ್ರಿ, ನಾವರೇ ಮನಷ್ಯಾರ ಅಲ್ಲೇನ್ರಿ?" ಎಂದು ತಾನೇ ಎದ್ದು ಹಚ್ಚಿಬಿಡುತ್ತಿದ್ದಳು.

ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಅಷ್ಟರಲ್ಲಿ ಶಹಾಬಜಾರದ ನಮ್ಮ ಓಣಿಯ ತಿರುವಿನಲ್ಲಿ ಆಟೋ ಮಗುಚಿ ನನ್ನ ಬಲಗೈ ಮುರಿಯಿತು. ಪ್ಲಾಸ್ಟರ್ ಬಿಚ್ಚಿದ ಮೇಲೂ ಬೆರಳುಗಳು ಮಡಚಲೊಲ್ಲವು. ಒಂದೇ ಕೈಯಲ್ಲಿ ಟೈಪ್ ಮಾಡುವ ನನ್ನನ್ನು ನೋಡಿ ಮಾಲೀಕರು, "ತಿಂಗಳ ಕೊನಿಗೆ ಒಂದ್ ಟೆಸ್ಟ್ ಕೊಡ್ರಿ. ಆಗಲಿಲ್ಲಂದ್ರ ನಾನರೇ ಏನ್ ಮಾಡ್ಲಿ?" ಎಂದರು. ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ.

ಅಕ್ಕ ಕುರ್ಚಿ ಎಳೆದುಕೊಂಡು ಬಂದಳು. "ಏನ್ ತಂಗಿ, ಬರದದ್ದ ಮತ್ತ ಮತ್ತ ಬರೀಲಾಕತ್ತೀದಿ? ಬ್ಯಾಸರ ಇಲ್ಲೇನ್ ನಿನಗ?"

ಆಕೆ ಹೇಳಿದ್ದು ನಿಜ. ಕೋಡಿನಲ್ಲಿ 'ಹೀಗಾದರೆ ಇದು, ಇಲ್ಲದಿದ್ದರೆ ಅದು' ಎಂಬಂಥ ಚೌಕಟ್ಟುಗಳು ಮತ್ತೆ ಮತ್ತೆ ಬರುತ್ತವೆ. ಕೋಡ್ ಬರೆಯುವ ಎಡಿಟರ್ ಎಂಬ ತಂತ್ರಾಂಶದಲ್ಲಿ ಅವನ್ನು ಒಮ್ಮೆ ಟೆಂಪ್ಲೇಟ್ ಮಾಡಿಟ್ಟರೆ ಸಾಕು. ಎರಡು ಕೀ ಒತ್ತಿದರೆ ಇಡೀ ಚೌಕಟ್ಟು ಪರದೆಗೆ ಬಂದು ಬೀಳುತ್ತದೆ. ನಡುವಿನ ಖಾಲಿ ಜಾಗವನ್ನಷ್ಟೇ ನಾವು ತುಂಬಬೇಕು. ಅಕ್ಕನ ಹತ್ತಿರ ಅಂಥವು ರಾಶಿ ಇದ್ದವು. ಕಾಪಿ ಕೊಡು ಎಂದೆ.

"ಕೊಡಂಗಿಲ್ಲ ನೋಡು. ನನ್ನ ಚಪ್ಪಲ್ ನಿನ್ನ ಕಾಲಿಗೆ ಬರ್ತದೇನು? ನಿಂದು ನೀನ ಮಾಡ್ಕೋ."

ಎಂಥಾ ಜಿಪುಣಿ ಇದ್ದಾಳಪ್ಪಾ ಎಂದುಕೊಂಡೆ! ಆದರೆ ಒಂದೊಂದು ಟೆಂಪ್ಲೇಟನ್ನೂ ಎಡಗೈಗೆ ಎಟುಕುವ ಕೀಗಳಿಗಷ್ಟೇ ಹೊಂದಿಸಲು ಆಕೆಯೇ ಕಲಿಸಿದಳು. ಹೊಂದಿಸಿದ ಮೇಲೆ, "ಅಳಿಸು, ಮತ್ತ ಮಾಡು" ಎನ್ನುವಳು. ಬೈಯುತ್ತಲೇ ಬಾಳೆಹಣ್ಣು ಅರ್ಧ ಸುಲಿದು ನನ್ನ ಎಡಗೈಗೆ ಕೊಡುವಳು. ಸಿಟ್ಟೂ ಬರುತ್ತಿತ್ತು, ನಗುವೂ ಬರುತ್ತಿತ್ತು.

ಟೆಸ್ಟಿನ ದಿನ ಮಾಲೀಕರು ತಮ್ಮ ಕಂಪ್ಯೂಟರಿಗೇ ನನ್ನನ್ನು ಕೂರಿಸಿದರು. ಕೀ ಒತ್ತಿದರೆ ಏನೂ ಬೀಳಲಿಲ್ಲ. ನನ್ನ ಟೆಂಪ್ಲೇಟ್‌ಗಳೆಲ್ಲ ನನ್ನ ಕಂಪ್ಯೂಟರಿನಲ್ಲೇ ಉಳಿದಿದ್ದವು. "ಅಯ್ಯೋ ದೇವರೇ!" ಎಂದೆ.

"ಗಾಬರಿ ಯಾಕ? ಮೊದಲಿಗಿ ನಿನ್ನ ಕೀ ಹೊಂದಿಸ್ಕೋ," ಎಂದಳು ಅಕ್ಕ, ತನ್ನ ಪರದೆಯಿಂದ ತಲೆ ಎತ್ತದೆ.

"ಇನ್ನಾ ಶುರುನ ಮಾಡಿಲ್ಲಲ್ಲ ಈಕಿ," ಎಂದರು ಮಾಲೀಕರು.

"ಮಾಡ್ಯಾಳ್ರಿ. ನೀವ್ ಸುಮ್ ಕೂಡ್ರಿ."

ಅಷ್ಟು ಸಲ ಅಳಿಸಿ ಮತ್ತೆ ಮಾಡಿದ್ದ ಟೆಂಪ್ಲೇಟ್‌ಗಳು ಒಂದೊಂದಾಗಿ ನೆನಪಿಗೆ ಬಂದವು. ಹೊಂದಿಸಿಕೊಂಡ ಮೇಲೆ ಕೆಲಸ ಸರಸರ ಸಾಗಿತು, ಹೊತ್ತಿಗೆ ಮುಂಚೆಯೇ ಮುಗಿಯಿತು. ನಾನು ಕಾಯಂ ಆದೆ.

ಹೋದ ವರ್ಷ ಒಂದು ಮುಂಜಾನೆ ಅಕ್ಕ ಆಫೀಸಿಗೆ ಬರಲಿಲ್ಲ, ಫೋನ್ ಬಂತು. ಹೃದಯಾಘಾತವಾಗಿ ಅಕ್ಕ ತೀರಿಕೊಂಡಿದ್ದಳು. ಕಮಲಾಪುರಕ್ಕೆ ಓಡಿದೆ. ಅಂಗಳದಲ್ಲಿ ಕೂತಿದ್ದ ಆಕೆಯ ತಾಯಿ ನನ್ನ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು ಬೆರಳು ಸವರಿದರು.

"ನೀನ ಏನವ್ವಾ ಆ ಹುಡುಗಿ? ಬೆರಳು ಈಗರೇ ಮಡಚ್ತಾವೇನು? ಮನಿಗಿ ಬಂದ್ರ ದಿನಾ ನಿನ್ನ ಕೈದೇ ಚಿಂತಿ ಆಕಿಗಿ."

ಆಫೀಸಿನಲ್ಲಿ ಅಕ್ಕ ಒಂದು ದಿನವೂ ನನ್ನ ಕೈ ಹೇಗಿದೆ ಎಂದು ಕೇಳಿದವಳಲ್ಲ. ನನಗೆ ಅಳು ತಡೆಯಲಾಗಲಿಲ್ಲ.

"ಮಡಚಂಗಿಲ್ರೀ ಅಮ್ಮಾ. ಆದ್ರ ಕೆಲಸ ನಿಂತಿಲ್ಲ," ಎಂದೆ.

"ಅಷ್ಟ ಆದ್ರ ಸಾಕು ಅಂತಿದ್ದಳವ್ವಾ ಆಕಿ," ಎಂದರು.