ಮರಿತಾಯಮ್ಮನ ಮೊದಲ ಪೆಟ್ಟು

ನಂಜನಗೂಡು ತಾಲ್ಲೂಕಿನ ಹೆಡತಲೆಯಿಂದ ಕವಲಂದೆ ಕಡೆ ಹೋಗುವಾಗ ರಸ್ತೆ ಬಿಟ್ಟು ಒಳಗೆ ತಿರುಗಿದರೆ ಸಿಗುವ ಸಣ್ಣ ಊರೊಂದರವಳು ಮರಿತಾಯಮ್ಮ. ಈಗ ಇರುವುದು ನಂಜನಗೂಡಿನಲ್ಲಿ; ಹುಡುಗಿಯರ ಹಾಸ್ಟೆಲ್ ಒಂದರಲ್ಲಿ ಅಡುಗೆಯವಳು. ಮುದ್ದೆ ತಿರುವುವ ಅದೇ ತೋಳಿನಲ್ಲಿ ತಮಟೆ ಬಾರಿಸುತ್ತಾಳೆ. ಅವಳು ಕಟ್ಟಿದ ಹೆಂಗಸರ ತಮಟೆ ತಂಡ ಎಷ್ಟೋ ಊರಿನ ಮೆರವಣಿಗೆಗಳಲ್ಲಿ ನಡೆದಿದೆ. ಅವಳ ಕೈಚಳಕದ ಬಗ್ಗೆ ಮಾತಾಡುವವರು ಬಹಳ ಜನ. ಅವಳ ಸಿಟ್ಟಿನ ಬಗ್ಗೆ ಮಾತಾಡಿದವರು ಕಡಿಮೆ. ಕಳೆದ ಸಲದ ಮಳೆಗಾಲ ಮುಗಿಯುವ ಹೊತ್ತಿಗೆ ಮಾತ್ರ ಅದು ಎಲ್ಲರ ಬಾಯಿಗೂ ಬಂತು.

ಅವಳ ಅಪ್ಪ ಚಲುವಯ್ಯ ಹೆಸರಾದ ತಮಟೆಯವನು. ಊರಿನ ಮಾರಿಹಬ್ಬಕ್ಕೂ ಅವನೇ, ಸಾವಿಗೂ ಅವನೇ. ಅಂಬೇಡ್ಕರ್ ಸಂಘದ ಹುಡುಗರು ಕೇರಿಗೆ ಬಂದು ಮಾತಾಡಿ ಹೋದಮೇಲೆ ಅವನೊಂದು ತೀರ್ಮಾನಕ್ಕೆ ಬಂದ. ಹಬ್ಬಕ್ಕೆ, ಮದುವೆಗೆ ಕರೆದರೆ ಹೋಗುವುದು. ಹೆಣದ ಮುಂದೆ ಕುಣಿಯುತ್ತಾ ಬಾರಿಸುವುದು ಇನ್ನಿಲ್ಲ. ಅದೇ ವರ್ಷ ಮೇಲಿನ ಬೀದಿಯ ಶಂಭುಲಿಂಗಪ್ಪನ ತಂದೆ ತೀರಿಕೊಂಡ. ಶಂಭುಲಿಂಗಪ್ಪ ಊರಿಗೆಲ್ಲ ದೊಡ್ಡ ಜಮೀನುದಾರ, ನಂಜನಗೂಡಿನಲ್ಲಿ ಅಕ್ಕಿ ಮಂಡಿ ಇಟ್ಟವನು. ಅವನು ಆಳು ಕಳಿಸಿದ. ಚಲುವಯ್ಯ ಬರುವುದಿಲ್ಲ ಎಂದು ಹೇಳಿ ಕಳಿಸಿದ.

ಮಧ್ಯಾಹ್ನದ ಹೊತ್ತಿಗೆ ನಾಲ್ಕೈದು ಜನ ಬಂದು ಅವನನ್ನು ಎಳೆದುಕೊಂಡು ಹೋದರು. ಮರಿತಾಯಮ್ಮ ಆಗ ಇನ್ನೂ ಲಂಗದ ಹುಡುಗಿ. ಅಪ್ಪನ ಹಿಂದೆಯೇ ಓಡಿದಳು. ಶಂಭುಲಿಂಗಪ್ಪನ ಮನೆಯಂಗಳದಲ್ಲಿ ತೆಂಗಿನ ಗರಿಯ ಬೆಂಕಿ ಉರಿದು ಕೆಂಡವಾಗಿತ್ತು. ಬಾರಿಸುವ ಮುಂಚೆ ಚರ್ಮ ಬಿಗಿಯಾಗಲೆಂದು ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸುತ್ತಾರೆ. ಅದಕ್ಕೆಂದು ಹಾಕಿಸಿದ್ದ ಬೆಂಕಿ ಅದು.

"ತಗೊಳ್ಳಾ ತಮ್ಟೆ" ಎಂದ ಶಂಭುಲಿಂಗಪ್ಪ.

"ನಂಗಾಗಕಿಲ್ಲ ಬುದ್ದಿ. ಬ್ಯಾರೆಯವ್ರನ್ನ ಕರ್ಸ್ಕಳಿ."

ಶಂಭುಲಿಂಗಪ್ಪ ಕೂಗಾಡಲಿಲ್ಲ. ಕಣ್ಣಲ್ಲೇ ಸನ್ನೆ ಮಾಡಿದ. ಇಬ್ಬರು ಚಲುವಯ್ಯನನ್ನು ಕೆಳಕ್ಕೆ ಕೆಡವಿ ಬಲಗೈಯನ್ನು ಕೆಂಡಕ್ಕೆ ಚಾಚಿಸಿದರು. ಶಂಭುಲಿಂಗಪ್ಪ ಆ ಮೊಣಕೈಯನ್ನು ಚಪ್ಪಲಿ ಕಾಲಿನಿಂದ ತುಳಿದು ನಿಂತ.

"ಆಗಕಿಲ್ಲ ಅಂದ್ಯಲ್ಲ. ಇನ್ನೆಂದೂ ಆಗೋದೇ ಬ್ಯಾಡ ಬುಡು."

ಬೇರೆ ಊರಿನ ತಮಟೆ ತರಿಸಿ ಅವತ್ತು ಮಣ್ಣು ಮಾಡಿದರು. ಚಲುವಯ್ಯನ ಬೆರಳುಗಳು ಒಂದಕ್ಕೊಂದು ಅಂಟಿಕೊಂಡು ಒಳಕ್ಕೆ ಮುದುರಿಹೋದವು. ದೂರು ಕೊಡಲು ಹೊರಟವರನ್ನು ಊರಿನ ಯಜಮಾನರು ತಡೆದು ರಾಜಿ ಮಾಡಿಸಿದರು. ಕುಡಿದ ಮತ್ತಿನಲ್ಲಿ ತಾನೇ ಬೆಂಕಿಗೆ ಬಿದ್ದೆ ಎಂದು ಬರೆಸಿ ಅವನ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡರು. ಬಲಗೈಯಲ್ಲಿ ಒತ್ತಲು ಬರುವ ಬೆರಳೇ ಉಳಿದಿರಲಿಲ್ಲ.

ಹೆಬ್ಬೆಟ್ಟು ಒತ್ತಿಸಿಕೊಂಡ ಸಂಜೆ ಅಮ್ಮ ಸಾಕಮ್ಮ ಗಂಡನ ಬಾಯಿಗೆ ಗಂಜಿ ಹಾಕುತ್ತಾ ಕೂತಿದ್ದಾಗ ಮಗಳು ಹೇಳಿದಳು, "ಆವಯ್ಯ ಸತ್ತಾಗ ತಮ್ಟೆ ಬಡ್ಯಕೆ ನಾನು ಬುಡಕಿಲ್ಲ ಕಣವ್ವ."

ಸಾಕಮ್ಮ ಅವಳ ಬಾಯಿಗೆ ಹೊಡೆದಳು. "ಬಾಯ್ ಮುಚ್ಕೊ. ಯಾರಾರ ಕೇಳುಸ್ಕಂಡ್ರೆ ನಿನ್ ಕೈಯೂ ಉಳಿಯಕಿಲ್ಲ."

ಮರಿತಾಯಮ್ಮ ಹೇಳುವುದನ್ನು ಬಿಟ್ಟಳು. ಅಷ್ಟೇ ಬಿಟ್ಟದ್ದು. ಆ ಸೀಮೆಯಲ್ಲಿ ತಮಟೆಯಿಲ್ಲದೆ ಹೋಗುವುದು ಹೇಳುವವರು ಕೇಳುವವರು ಇಲ್ಲದ ಹೆಣ ಮಾತ್ರ. ದೊಡ್ಡಮನೆಯ ಯಜಮಾನ ಹಾಗೆ ಹೋದರೆ ಅದಕ್ಕಿಂತ ಅವಮಾನವಿಲ್ಲ. ಹುಡುಗಿಗೆ ಅಷ್ಟು ತಿಳಿದಿತ್ತು.

ತಗಡೂರಿನಲ್ಲಿ ಅಮ್ಮನ ತಮ್ಮ ಮಾದೇಶ ಇದ್ದ. ಅವನೂ ತಮಟೆಯವನೇ. ಮೈನೆರೆದ ಮೇಲೆ ಅವಳು ಅವನ ಮನೆಗೆ ಹೋಗಿ ಕಲಿಸು ಎಂದು ಕೂತಳು.

"ಎಣ್ಮಕ್ಳು ತಮ್ಟೆ ಮುಟ್ಟದುಂಟಾ ಕೂಸೇ?"

"ನಿನ್ ಭಾವನ್ ಕೈ ನೋಡಿದ್ದೀಯಲ್ಲ ಮಾವ?"

ಮಾದೇಶ ಒಳಗೆ ಹೋಗಿ ತಮಟೆ ತಂದ. ಮನೆಯ ಹಿತ್ತಿಲಲ್ಲಿ ಕಲಿಸಿದ. ಎಡಗೈಯ ಸಣ್ಣ ಕಡ್ಡಿ, ಬಲಗೈಯ ಕೋಲು, ಎರಡೂ ಒಂದೇ ಉಸಿರಿನಲ್ಲಿ ಆಡಬೇಕು ಎಂದ. ಮುಂದೆ ನಿಂತವರು ಮೊದಲ ಪೆಟ್ಟು ಕೊಡುವ ತನಕ ಹಿಂದಿನವರು ಯಾರೂ ಕೋಲು ಎತ್ತಬಾರದು ಎಂದೂ ಹೇಳಿಕೊಟ್ಟ. ಆ ಮಾತು ಕೇಳಿದ ದಿನ ಮರಿತಾಯಮ್ಮನಿಗೆ ತಾನು ಏನಾಗಬೇಕು ಎಂಬುದು ಸ್ಪಷ್ಟವಾಯಿತು. ಅವಳು ಮುಂದೆ ನಿಲ್ಲುವವಳಾಗಬೇಕಿತ್ತು.

ಆದಳು. ಮದುವೆಯಾಗಿ, ಗಂಡ ಸತ್ತು, ಹಾಸ್ಟೆಲಿನ ಕೆಲಸಕ್ಕೆ ಸೇರಿ, ಅದರ ನಡುವೆಯೇ ಕೇರಿ ಕೇರಿ ತಿರುಗಿ ಹೆಂಗಸರನ್ನು ಒಟ್ಟು ಮಾಡಿದಳು. ಗಂಡಸರ ತಂಡಗಳೂ ಬಾರಿಸುವ ಹೊಸ ಗತ್ತು, ವರಸೆ ಕಲಿಯಲು ಅವಳ ಬಳಿಗೇ ಬಂದವು. ಬರಬರುತ್ತಾ ನಂಜನಗೂಡಿನಿಂದ ನರಸೀಪುರದವರೆಗೆ ಎಲ್ಲಿ ಹತ್ತು ತಮಟೆ ಸೇರಿದರೂ ಮುಂದೆ ನಿಲ್ಲುವವಳು ಮರಿತಾಯಮ್ಮ ಎಂದಾಯಿತು. ಶಂಭುಲಿಂಗಪ್ಪನ ಸುದ್ದಿಯನ್ನು ಅವಳು ಬಿಡದೆ ವಿಚಾರಿಸುತ್ತಿದ್ದಳು. ಅವನಿಗೆ ಎದೆನೋವು ಬಂದು ಮೈಸೂರಿಗೆ ಸೇರಿಸಿದ್ದಾರೆ ಎಂದು ಒಮ್ಮೆ ಕೇಳಿದಾಗ ಅವಳಿಗೆ ಊಟ ಸೇರಲಿಲ್ಲ. ತಾನು ಸಿದ್ಧವಾಗುವ ಮೊದಲೇ ಸತ್ತುಬಿಟ್ಟರೆ ಎಂಬ ಭಯ. ಅವನು ಚೇತರಿಸಿಕೊಂಡ ಮೇಲೆ ಹಾಸ್ಟೆಲಿನಲ್ಲಿ ಪಾಯಸ ಮಾಡಿದಳು. ಯಾಕೆಂದು ಹುಡುಗಿಯರಿಗೆ ಗೊತ್ತಾಗಲಿಲ್ಲ.

ಟಿ. ನರಸೀಪುರದಲ್ಲಿ ದಸರಾಕ್ಕೆ ಮುಂಚೆ ಹೊಳೆದಂಡೆಯಲ್ಲಿ ಎರಡು ದಿನದ ಉತ್ಸವ ನಡೆಯುತ್ತದೆ. ಮಳೆ ಹಿಂದೆ ಸರಿದು, ಅಲ್ಲಿ ಬಂದು ಕೂಡುವ ಎರಡೂ ಹೊಳೆಯ ಕೆಂಪು ನೀರು ತಿಳಿಯಾಗುತ್ತಿರುವ ಕಾಲ; ಹೊಲಗಳಲ್ಲಿ ಹುಚ್ಚೆಳ್ಳು ಹಳದಿಯಾಗಿ ಹೂಬಿಟ್ಟಿರುತ್ತದೆ. ಬೆಳಿಗ್ಗೆ ಹಕ್ಕಿ ನೋಡುವವರು ದುರ್ಬೀನು ಹಿಡಿದು ದಂಡೆಯುದ್ದಕ್ಕೂ ನಡೆಯುತ್ತಾರೆ. ನಿವೃತ್ತ ಮೇಷ್ಟರೊಬ್ಬರು ಹಳೆಯ ಗುಡಿಯ ಶಾಸನ ಓದಿ ಹೇಳುತ್ತಾರೆ. ಸಂಜೆ ವೀಣೆ, ಕಂಸಾಳೆ, ತಮಟೆ. ಸಮಿತಿಯ ಗೌರವಾಧ್ಯಕ್ಷ ಶಂಭುಲಿಂಗಪ್ಪ.

ಎರಡು ವರ್ಷದ ಹಿಂದಿನ ಉತ್ಸವದಲ್ಲಿ ಮರಿತಾಯಮ್ಮನಿಗೆ ಶಾಲು ಹೊದಿಸಿದವನು ಅವನೇ. ಕೇರಿಯ ಮಕ್ಕಳ ಮುಖವನ್ನು ಅವನು ಯಾವತ್ತೂ ನೋಡಿದವನಲ್ಲ, ಹಾಗಾಗಿ ಗುರುತು ಸಿಗಲಿಲ್ಲ. ಮೈಕಿನ ಮುಂದೆ ನಿಂತು ನಗುತ್ತಾ ಹೇಳಿದ, "ನಂಗೂ ವಯಸ್ಸಾಯ್ತು ಕಣ್ರಪ್ಪ. ನನ್ ಮಣ್ಣಿಗೂ ಈ ತಾಯೀನೇ ಬಂದು ತಮಟೆ ಬಡೀಬೇಕು."

ಜನ ಚಪ್ಪಾಳೆ ತಟ್ಟಿದರು. ಮರಿತಾಯಮ್ಮ ಅವನ ಮುಖ ನೋಡಿ ಹೇಳಿದಳು, "ಬತ್ತೀನಿ ಸಾ. ಎಲ್ರನೂವೆ ಕರ್ಕೊಂಡೇ ಬತ್ತೀನಿ."

ಮಾರನೆಯ ದಿನ ಆ ಶಾಲು ಹಾಸ್ಟೆಲಿನ ಅಡುಗೆಮನೆಯಲ್ಲಿ ಅನ್ನದ ಪಾತ್ರೆ ಇಳಿಸುವ ಮಸಿಬಟ್ಟೆಯಾಯಿತು.

ಕಳೆದ ವರ್ಷ ಉತ್ಸವದ ಎರಡನೆಯ ದಿನ ಮಧ್ಯಾಹ್ನಕ್ಕೆ ಎರಡೂ ತಾಲ್ಲೂಕಿನ ತಮಟೆಗಳೆಲ್ಲ ಒಟ್ಟಾಗಿ ಬಾರಿಸುವ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಎಲ್ಲ ತಂಡಗಳೂ ಹೊಳೆದಂಡೆಗೆ ಬಂದು ಸೇರಿದ್ದವು. ಅವತ್ತು ಬೆಳಿಗ್ಗೆ ಮರಿತಾಯಮ್ಮನ ಫೋನಿಗೆ ಶಂಭುಲಿಂಗಪ್ಪನ ಮಗ ರುದ್ರೇಶನ ಕರೆ ಬಂತು. ಬೆಳಗಿನ ಜಾವ ಅಪ್ಪಾಜಿ ಹೋಗಿಬಿಟ್ಟರು ಎಂದ. ಊರಿನಲ್ಲೇ ಮಣ್ಣು ಮಾಡುತ್ತೇವೆ, ಅವರು ನಿಮ್ಮ ತಮಟೆಯೇ ಆಗಬೇಕು ಎಂದಿದ್ದರು ಎಂದ.

"ಬತ್ತೀವಿ" ಎಂದಳು ಮರಿತಾಯಮ್ಮ.

ಸಮಿತಿಯವರು ಅಧ್ಯಕ್ಷರ ಸಾವೆಂದು ತಮಟೆ ಕಾರ್ಯಕ್ರಮವನ್ನು ಸಂಜೆಗೆ ಮುಂದೂಡಿ ಎಲ್ಲ ತಂಡಗಳಿಗೂ ಟೆಂಪೊ ಕೊಟ್ಟರು. ಮಾದೇಶನಿಗೆ ಮಾತ್ರ ಅವಳ ಮನಸ್ಸು ಗೊತ್ತಿತ್ತು. ಟೆಂಪೊದಲ್ಲಿ ಪಕ್ಕ ಕೂತು ಕೇಳಿದ, "ಮಾಡೇ ಮಾಡ್ತೀಯಾ?"

"ಊಂ."

"ಆಮ್ಯಾಲೆ ನಮ್ಮನ್ನ ಯಾರೂ ಕರಿಯಕಿಲ್ಲ."

"ಕರೀದಿದ್ರೆ ಬ್ಯಾಡ ಬುಡು ಮಾವ."

ಶಂಭುಲಿಂಗಪ್ಪನ ಹೆಣವನ್ನು ಬಿದಿರು ಕಟ್ಟಿ ಮಾಡಿದ ಹೂವಿನ ವಿಮಾನದಲ್ಲಿ ಕೂರಿಸಿದ್ದರು. ಹಣೆಗೆ ವಿಭೂತಿ, ಮೈತುಂಬ ಸೇವಂತಿಗೆ ಹಾರ. ಅಂಗಳದಲ್ಲಿ ಬೆಂಕಿ ಹಾಕಿದ್ದರು. ತಂಡದವರು ಸುತ್ತ ನಿಂತು ತಮಟೆ ಕಾಯಿಸಿದರು. ಸುದ್ದಿ ಕೇಳಿ ಚಲುವಯ್ಯನೂ ಕೇರಿಯಿಂದ ನಿಧಾನಕ್ಕೆ ನಡೆದು ಬಂದು ಬೇವಿನ ಮರದ ಬುಡದಲ್ಲಿ ನಿಂತಿದ್ದ. ವಿಮಾನ ಎತ್ತಿದರು. ತಮಟೆಯವರೆಲ್ಲ ಸಾಲಾಗಿ ನಿಂತು ಮರಿತಾಯಮ್ಮನ ಕೈಯನ್ನೇ ನೋಡುತ್ತಿದ್ದರು.

ಅವಳು ಕೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೈಕಟ್ಟಿ ನಿಂತಳು.

ರುದ್ರೇಶ ಹತ್ತಿರ ಬಂದ. "ಶುರು ಮಾಡಿಮ್ಮ."

"ಇಲ್ಲ."

"ಯಾಕೆ? ಏನಾದ್ರೂ ತಪ್ಪಾಯ್ತಾ?"

"ಇದೇ ಅಂಗ್ಳದಲ್ಲಿ ನಿಮ್ಮಪ್ಪ ಒಬ್ಬನ ಕೈಯ ಕೆಂಡಕ್ಕೆ ಇಕ್ಕಿ ತುಳ್ಕೊಂಡ್ ನಿಂತ್ಕಂಡಿದ್ರು. ಅವ್ನ ಮಗಳು ನಾನು."

ಆ ದಿನ ರುದ್ರೇಶನೂ ಆ ಮನೆಯ ಜಗುಲಿಯಲ್ಲಿದ್ದ ಹುಡುಗನೇ. ಸಾಲಿನಲ್ಲಿದ್ದವರ ಕಡೆ ತಿರುಗಿ, "ನೀವಾದ್ರೂ ಬಡೀರಪ್ಪ" ಎಂದ. ಒಬ್ಬರೂ ಕದಲಲಿಲ್ಲ. "ಮೊದಲ ಪೆಟ್ಟು ಬೀಳ್ಬೇಕಲ್ಲ ಸಾ" ಎಂದ ಮಾದೇಶ. ರುದ್ರೇಶ ಬೇವಿನ ಮರದ ಹತ್ತಿರ ಹೋಗಿ ಚಲುವಯ್ಯನ ಮುಂದೆ ಕೈ ಮುಗಿದ. ಮುದುಕ ಗಾಬರಿಯಾಗಿ ಮಗಳ ಹತ್ತಿರ ಬಂದ.

"ಬಡ್ದ್‌ಬುಡು ಕೂಸೇ. ಸತ್ತೋರ್ ಮ್ಯಾಲೆ ಏನ್ ದ್ವೇಸ?"

"ಸುಟ್ಟಿದ್ದು ನಿನ್ ಕೈ ಅಪ್ಪಯ್ಯ. ನೋಡಿದ್ದು ನಾನು" ಎಂದಳು ಮರಿತಾಯಮ್ಮ. "ನೀ ಬೇಕಾರೆ ಮರ್ತ್‌ಬುಡು. ನಂಗೆ ಆಗಕಿಲ್ಲ."

ಹೊತ್ತವರ ಹೆಗಲು ಸೋಲುತ್ತಿತ್ತು. ಆಗ ವಿಮಾನದ ಪಕ್ಕದಿಂದ ಶಂಭುಲಿಂಗಪ್ಪನ ಹೆಂಡತಿ ಚನ್ನಾಜಮ್ಮ ಮಾತಾಡಿದಳು. ದನಿ ದೊಡ್ಡದೇನಲ್ಲ. "ಯಾರ್ನೂ ಕೇಳ್ಬ್ಯಾಡ ರುದ್ರೇಶ. ಅವತ್ತು ನಾನು ಬಾಗಿಲಲ್ಲೇ ನಿಂತಿದ್ದೆ. ಬ್ಯಾಡ ಅನ್ನಲಿಲ್ಲ. ಎತ್ಕೊಂಡ್ ನಡೀರಿ."

ನಡೆದರು. ಮುಂದೆ ಮರಿತಾಯಮ್ಮ, ಹಿಂದೆ ಕಾದ ತಮಟೆಗಳನ್ನು ಹೆಗಲಿಗೆ ಹಾಕಿಕೊಂಡ ಸಾಲು, ಅದರ ಹಿಂದೆ ಹೆಣ. ಹೆಜ್ಜೆಗಳ ಸದ್ದು, ಬಿದಿರು ಕಿರುಗುಟ್ಟುವ ಸದ್ದು, ಜಂಗಮರ ಗಂಟೆ. ಬೀದಿಯ ಎರಡೂ ಕಡೆ ಬಾಗಿಲಲ್ಲಿ ನಿಂತಿದ್ದ ಹೆಂಗಸರು, ಇಷ್ಟೊಂದು ತಮಟೆ ಇದ್ದೂ ಯಾಕೆ ಸದ್ದಿಲ್ಲ ಎಂದು ಕೇಳಿದರು. ತಿಳಿದವರು ತಿಳಿಯದವರಿಗೆ ಹೇಳಿದರು. ಕೈ, ಕೆಂಡ, ಚಪ್ಪಲಿ ಕಾಲು, ಎಲ್ಲವೂ ಬಾಗಿಲಿಂದ ಬಾಗಿಲಿಗೆ ಹೆಣಕ್ಕಿಂತ ಮುಂದೆ ಹೋಯಿತು. ಗುಂಡಿ ತೆಗೆದಿದ್ದ ತೋಟ ಮುಟ್ಟುವ ಹೊತ್ತಿಗೆ ಶಂಭುಲಿಂಗಪ್ಪ ಊರಿಗೆ ಮಾಡಿಸಿದ್ದ ಬಾವಿಯ ಬಗ್ಗೆಯಾಗಲಿ, ಗುಡಿಯ ಬಗ್ಗೆಯಾಗಲಿ ಮಾತಾಡುವವರು ಯಾರೂ ಉಳಿದಿರಲಿಲ್ಲ. ಮರಿತಾಯಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಅವಸರ ಮಾಡಲಿಲ್ಲ. ಬೀದಿ ಇನ್ನೂ ಉದ್ದ ಇರಬಾರದಿತ್ತೇ ಎನ್ನಿಸಿತಂತೆ ಅವಳಿಗೆ.

ಗುಂಡಿಯ ಹತ್ತಿರ ಅವಳು ಹೋಗಲಿಲ್ಲ. ತೋಟದ ಬೇಲಿಯಿಂದಲೇ ತಂಡವನ್ನು ತಿರುಗಿಸಿ ಟೆಂಪೊ ಹತ್ತಿಸಿದಳು.

ನರಸೀಪುರಕ್ಕೆ ಬಂದಾಗ ಬಿಸಿಲು ಇನ್ನೂ ಹೊಳೆಯ ಮೇಲಿತ್ತು, ಬೆಳ್ಳಕ್ಕಿಗಳು ಗುಂಪುಗುಂಪಾಗಿ ಮರ ಸೇರುತ್ತಿದ್ದವು. ಮರಿತಾಯಮ್ಮ ವೇದಿಕೆಯ ಮುಂದೆ ನಿಂತು ಕೋಲು ಎತ್ತಿದಳು. ಅವತ್ತಿನಂಥ ತಮಟೆಯನ್ನು ತಾನು ಕೇಳಿರಲಿಲ್ಲ ಎಂದು ಶಾಸನ ಓದುವ ಮೇಷ್ಟರು ಆಮೇಲೆ ಹೇಳಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ಸಮಿತಿಯ ಕೆಲವರು ನಡುವೆಯೇ ಎದ್ದು ಹೋದರು. ಸುದ್ದಿ ಅವರಿಗೂ ಮುಟ್ಟಿತ್ತು. ಅವಳು ನಿಲ್ಲಿಸಲಿಲ್ಲ.

ಮಾದೇಶ ಹೇಳಿದಂತೆಯೇ ಆಯಿತು. ಮೇಲಿನ ಬೀದಿಯವರು ಕೇರಿಯ ಹೆಂಗಸರನ್ನು ಕಳೆ ಕೀಳಲು ಕರೆಯುವುದನ್ನು ನಿಲ್ಲಿಸಿದರು. ಅವರು ಬೇರೆ ಊರಿಗೆ ಕೂಲಿಗೆ ಹೋದರು. ಬಂದಿದ್ದ ಕೆಲವು ಮೆರವಣಿಗೆಗಳು ಕೈತಪ್ಪಿದವು. ತಂಡದ ಇಬ್ಬರು ಹೆಂಗಸರು ನಮಗೆ ಮೊದಲೇ ಹೇಳಬೇಕಿತ್ತು ಎಂದು ಜಗಳ ಮಾಡಿ ಬಿಟ್ಟುಹೋದರು. ಅದು ನ್ಯಾಯವೇ ಎಂದು ಮರಿತಾಯಮ್ಮ ಒಪ್ಪಿಕೊಳ್ಳುತ್ತಾಳೆ.

ಚಲುವಯ್ಯ ಮಗಳೊಡನೆ ಮಾತು ಬಿಟ್ಟ. ಈಗ ನಂಜನಗೂಡಿನಲ್ಲಿ ಅವಳ ಜೊತೆಗೇ ಇದ್ದಾನೆ. ಬಡಿಸಿದ್ದನ್ನು ಎಡಗೈಯಲ್ಲಿ ಉಂಡು, ತಟ್ಟೆ ತೊಳೆದಿಟ್ಟು, ಬಿಸಿಲಿಗೆ ಹೋಗಿ ಕೂರುತ್ತಾನೆ. ಬೇಜಾರಾಗುವುದಿಲ್ಲವೇ ಎಂದು ಮೊನ್ನೆ ಹಾಸ್ಟೆಲಿನ ಅಡುಗೆಮನೆಯಲ್ಲಿ ಕೇಳಿದ್ದಕ್ಕೆ ಮರಿತಾಯಮ್ಮ ಹೀಗೆಂದಳು:

"ಆಯ್ತದೆ. ದಿನಾ ಆಯ್ತದೆ. ಆದ್ರೂ ಇನ್ನೊಂದ್ ಸಲ ಆವಯ್ಯ ಸತ್ರೆ ಇನ್ನೊಂದ್ ಸಲ ಅಂಗೇ ಮಾಡ್ತೀನಿ."

ದಸರಾ ರಜೆ ಮುಗಿಸಿ ಹುಡುಗಿಯರು ಹಾಸ್ಟೆಲಿಗೆ ವಾಪಸ್ಸು ಬರುವ ದಿನ ಅದು. ಅವಳು ರಾಗಿಹಿಟ್ಟನ್ನು ಜರಡಿ ಹಿಡಿಯುತ್ತಿದ್ದಳು.