ವಾಮದೇವಪ್ಪನವರ ಗಾಡಿಯ ಹಿಂದಿನ ಸೀಟು

ನಮ್ಮ ಭಾವ ವಾಮದೇವಪ್ಪನವರಷ್ಟು ಲೆಕ್ಕದ ಮನುಷ್ಯನನ್ನು ನಾನು ಕಂಡಿಲ್ಲ. ಅವರಷ್ಟು ಮರೆಗುಳಿಯನ್ನೂ ಕಂಡಿಲ್ಲ. ದಾವಣಗೆರೆಯ ಒಂದು ದಲಾಲಿ ಅಂಗಡಿಯಲ್ಲಿ ತೂಕದ ಗುಮಾಸ್ತರಾಗಿ ಮೂವತ್ತೈದು ವರ್ಷ ಮೆಕ್ಕೆಜೋಳ ತೂಗಿದವರು. ಚೀಲಕ್ಕೆ ಕೈ ಹಾಕಿದರೆ ಸಾಕು, ಕಸ ಎಷ್ಟು, ಹಸಿ ಎಷ್ಟು ಎಂದು ಹೇಳಿಬಿಡುತ್ತಿದ್ದರು. ಇಂಥ ಮನುಷ್ಯ ಮದುವೆಯಾದ ಎರಡನೇ ವಾರ ಹೆಂಡತಿಯನ್ನು ರೈಲ್ವೆ ಗೇಟಿನಲ್ಲಿ ಬಿಟ್ಟು ಮನೆಗೆ ಬಂದಿದ್ದರು.

ಆ ಹೆಂಡತಿ ನನ್ನ ಅಕ್ಕ ಗುರುಶಾಂತಮ್ಮ. ಅಂಗಡಿ ಸಾಹುಕಾರರ ಮೊಪೆಡ್ ಕೇಳಿ ತಂದು, ಹೊಸ ಹೆಂಡತಿಗೆ ಊರು ತೋರಿಸಲು ಹೊರಟಿದ್ದರು. ಗೇಟು ಹಾಕಿತ್ತು. ಅಕ್ಕ ಸೀರೆ ಸರಿಮಾಡಿಕೊಳ್ಳಲು ಇಳಿದಳು. ಗೇಟು ತೆರೆಯಿತು, ಭಾವ ಹೊರಟರು. ವಿನೋಬನಗರದ ಮನೆ ಬಾಗಿಲವರೆಗೂ ಶೇಂಗಾದ ಧಾರಣೆ ವಿವರಿಸುತ್ತಲೇ ಬಂದರಂತೆ. ಹೂಂಗುಟ್ಟುವವರು ಯಾರೂ ಇಲ್ಲ ಎಂಬುದು ಅವರ ಗಮನಕ್ಕೇ ಬರಲಿಲ್ಲ. ಅಕ್ಕ ಕೈತುಂಬ ಹಸಿರು ಬಳೆ ಹಾಕಿಕೊಂಡು, ಸಿಕ್ಕವರನ್ನು ದಾರಿ ಕೇಳುತ್ತ ನಡೆದು ಬಂದಳು. ಬಂದವಳು ಹೇಳಿದ್ದು ಒಂದೇ ಮಾತು. "ನೀವು ಓಡ್ಸೋ ಗಾಡಿ ಇನ್ನು ಹತ್ತಲ್ಲ."

ಮೂವತ್ತೊಂದು ವರ್ಷ ಹತ್ತಲಿಲ್ಲ. ಭಾವ ಸೈಕಲ್ಲಿನಲ್ಲಿ, ಅಕ್ಕ ಆಟೋದಲ್ಲಿ. ಮದುವೆ ಮನೆಗೆ ಇಬ್ಬರೂ ಬೇರೆ ಬೇರೆ ಬರುವುದನ್ನು ಕಂಡು ಬೀಗರು ಗುಸುಗುಸು ಮಾಡುತ್ತಿದ್ದರು. ಅವರಿಗೇನು ಗೊತ್ತು? ಊಟಕ್ಕೆ ಕೂತರೆ ಭಾವ ತಮ್ಮ ಎಲೆಯ ಹೋಳಿಗೆಯನ್ನು ಅಕ್ಕನ ಎಲೆಗೆ ದಾಟಿಸುತ್ತಿದ್ದರು.

ಹೋದ ವರ್ಷ ಕೆಲಸ ಬಿಟ್ಟರು, ಮಂಡಿನೋವು ಹಿಡಿಯಿತು, ಸೈಕಲ್ ತುಳಿಯುವುದು ನಿಂತಿತು. ಆಗ ಲೈಸೆನ್ಸ್ ಬೇಡದ, ಮೆಲ್ಲಗೆ ಓಡುವ ಎಲೆಕ್ಟ್ರಿಕ್ ಸ್ಕೂಟರ್ ಕೊಳ್ಳಲು ಹೊರಟರು. ಜೊತೆಗೆ ನಾನಿದ್ದೆ. ಅಂಗಡಿಯವನು ಮೋಟಾರು, ಬ್ಯಾಟರಿ ಎಂದು ಗಂಟಲು ಹರಿದುಕೊಳ್ಳುತ್ತಿದ್ದರೆ ಇವರು ಹಿಂದಿನ ಸೀಟನ್ನು ಬೆರಳಿನಿಂದ ಒತ್ತಿ ಒತ್ತಿ ನೋಡುತ್ತಿದ್ದರು.

"ಹಿಂದೆ ಕುಂತೋರು ಹಿಡ್ಕಳಾಕೆ ಗಟ್ಟಿ ಕಂಬಿ ಐತೇನ್ರಿ?" ಎಂದು ಕೇಳಿದರು.

ನನ್ನನ್ನು ಹೊರಗೆ ಕರೆದು ಹೇಳಿದರು. "ಕೊಟ್ರೇಶಿ, ಈ ವಯಸ್ಸಿಗೆ ನನಗೇನು ಗಾಡಿ ಶೋಕಿ ಇಲ್ಲಪ್ಪ. ನಿಮ್ಮಕ್ಕ ಒಂದ್ಸಲ ಹಿಂದೆ ಕುಂತ್ರೆ ಸಾಕು."

ಅಕ್ಕ ಗಾಡಿಗೆ ಆರತಿ ಎತ್ತಿದಳು, ವಿಭೂತಿ ಹಚ್ಚಿದಳು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಳು. ಆಮೇಲೆ ಆಟೋ ಹತ್ತಿ ಬಸ್‌ಸ್ಟ್ಯಾಂಡಿಗೆ ಹೋದಳು. ಹೊಸ ಗಾಡಿಗೆ ಹರಿಹರೇಶ್ವರನ ಸನ್ನಿಧಿಯಲ್ಲಿ ಪೂಜೆ ಆಗಬೇಕಿತ್ತು. ಹರಿಹರ ಅವಳ ತವರು, ನಾನಿರುವುದೂ ಅಲ್ಲೇ. ಅವಳು ಬಸ್ಸಿನಲ್ಲಿ ಬಂದು, ನಮ್ಮ ಮನೆಯಲ್ಲಿ ಕಾಫಿ ಕುಡಿದು ಲೋಟ ತೊಳೆದಿಟ್ಟ ಮೇಲೆ ಭಾವ ಬಂದು ಇಳಿದರು.

"ಚಾರ್ಜರ್ ಎಲ್ಲಿ ಭಾವ?" ಎಂದೆ.

"ಯಾಕ ಬೇಕು? ಕಂಪ್ನಿಯೋರು ಎಪ್ಪತ್ತು ಕಿಲೋಮೀಟರ್ ಅಂತಾರೆ. ಕಸ ತೆಗಿ, ಹಸಿ ತೆಗಿ, ಚೀಲದ ತೂಕ ತೆಗಿ. ನಲವತ್ತಂತೂ ಖಾತ್ರಿ. ಹೋಗಿ ಬರಾಕೆ ಮೂವತ್ತು."

ಲೆಕ್ಕ ಸರಿಯಾಗಿಯೇ ಇತ್ತು. ಅದರಲ್ಲಿ ನಮ್ಮ ಓಣಿ ಮಾತ್ರ ಸೇರಿರಲಿಲ್ಲ. ಇಲ್ಲಿ ಯಾರ ಮನೆಗೆ ಹೊಸ ಗಾಡಿ ಬಂದರೂ ಎಲ್ಲರೂ ಒಂದೊಂದು ರೌಂಡ್ ಹೊಡೆಯಬೇಕು. ಕೊಡದವನಿಗೆ ಸೊಕ್ಕು ಎಂದು ಹೆಸರು. ಪೂಜೆ ಮುಗಿಸಿ ಬಂದ ಕೂಡಲೇ ಮೊದಲ ರೌಂಡ್ ಹೊಡೆದ ಪುಣ್ಯಾತ್ಮ ನಾನೇ. ತುಂಗಭದ್ರೆಯ ಸೇತುವೆ ದಾಟಿ ತಿರುಗಿ ಬಂದೆ. ಆಮೇಲೆ ಸೈಕಲ್ ಶಾಪಿನ ಮಕ್ತುಮ್ ಸಾಬ್ ಹೋದರು, ಅವರ ಹಿಂದೆ ಅವರ ಗಿರಾಕಿಗಳು. ಎದುರು ಮನೆಯಲ್ಲಿ ಬಟ್ಟೆ ಹೊಲಿಯುವ ಮೀನಾಕ್ಷಿ ಮೂರು ಸಲ ಹೋದಳು. ಗಾಡಿ ಸದ್ದೇ ಮಾಡುವುದಿಲ್ಲವಲ್ಲ, ಒಳಗೆ ಏನೋ ಖರ್ಚಾಗುತ್ತಿದೆ ಎಂದು ಯಾರಿಗೂ ಅನ್ನಿಸಲಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನಮ್ಮ ಇಲಿ ಮಾತ್ರ ಕಟ್ಟೆಯ ಮೇಲೆ ಕೂತು "ಇನ್ನೊಂದು ರೌಂಡ್ ಹೊಡ್ಕಂಡ್ ಬರ್ರಿ" ಎನ್ನುತ್ತಿತ್ತು.

"ನೋಡು, ಮೀನಾಕ್ಷಿನೇ ಹತ್ತಿದ್ಲು" ಎಂದರು ಭಾವ ಅಕ್ಕನಿಗೆ.

"ಆಕಿಗೆ ಗೇಟಿನ ಕಥೆ ಗೊತ್ತಿಲ್ಲ" ಎಂದಳು ಅಕ್ಕ.

ಊಟ ಮಾಡಿ ಭಾವ ಹೊರಟರು. ಅರ್ಧ ಗಂಟೆ ಬಿಟ್ಟು ಅಕ್ಕ ಬಸ್ಸು ಹತ್ತಿದಳು. ನಾನು ಒಂದು ಗಳಿಗೆ ಅಡ್ಡಾಗೋಣ ಎಂದುಕೊಳ್ಳುವಷ್ಟರಲ್ಲಿ ಅವಳದೇ ಫೋನು.

"ಬೈಕ್ ತಗಂಡು ಬಾರೋ. ನಿಮ್ಮ ಭಾವನ ಗಾಡಿ ನಿಂತೈತೆ."

"ನೀನು ಬಸ್ಸಲ್ಲಿಲ್ವಾ?"

"ಇಳಿದೆ."

ಕಿಟಕಿಯಿಂದ ನೋಡಿದಳಂತೆ. ಹೆಲ್ಮೆಟ್ ಹಾಕಿದವನೊಬ್ಬ ಕುಂಟುತ್ತ ಸ್ಕೂಟರ್ ತಳ್ಳುತ್ತಿದ್ದ. ಮುಖ ಕಾಣಲಿಲ್ಲ, ನಡಿಗೆ ಗುರುತು ಸಿಕ್ಕಿತು. ಕಂಡಕ್ಟರ್ ಇಲ್ಲಿ ಸ್ಟಾಪಿಲ್ಲ ಎಂದ. "ನಮ್ಮನೆಯೋರು ಅಲ್ಲಿ ನಿಂತಾರಲ್ಲಪ್ಪ, ಅದೇ ಸ್ಟಾಪು" ಎಂದು ಬಾಗಿಲಿಗೆ ಬಂದು ನಿಂತಳಂತೆ.

ನಾನು ಹೋದಾಗ ಹಳೇ ಪಿ.ಬಿ. ರಸ್ತೆಯ ಬದಿಯ ಮೋರಿ ಕಟ್ಟೆಯ ಮೇಲೆ ಭಾವ ಕೂತಿದ್ದರು. ಅಕ್ಕ ಅವರ ಮಂಡಿ ಒತ್ತುತ್ತ ಬೈಯುತ್ತಿದ್ದಳು. ಭಾವನ ಮುಖ ಸಣ್ಣಗಾಗಿತ್ತು. ಸೇತುವೆಯವರೆಗೆ ಹೋಗಿ ಮೆರೆದು ಬಂದವನು ನಾನೇ ಅಲ್ಲವೇ? ನಾಚಿಕೆಯಾಯಿತು.

ಉಪಾಯ ಒಂದೇ. ಭಾವ ಹ್ಯಾಂಡಲ್ ಹಿಡಿಯುವುದು, ನಾನು ಬೈಕಿನಲ್ಲಿ ಪಕ್ಕಕ್ಕೆ ಬಂದು ಒಂದು ಕಾಲಿನಿಂದ ಅವರ ಗಾಡಿ ದಬ್ಬುವುದು.

"ಅಕ್ಕ, ನೀನು ನನ್ನ ಹಿಂದೆ ಕೂಡು" ಎಂದೆ.

ಅಕ್ಕ ನನ್ನ ಬೈಕಿನವರೆಗೆ ಬಂದಳು. ಭಾವ ಹ್ಯಾಂಡಲ್ ಹಿಡಿದು ರಸ್ತೆ ನೋಡುತ್ತಿದ್ದರು. ಅಕ್ಕ ಒಂದು ಕ್ಷಣ ನಿಂತಳು. ತಿರುಗಿ ಹೋಗಿ ಅವರ ಹಿಂದೆ ಕೂತಳು.

"ಇದೇನು ಇವರು ಓಡ್ಸೋದಲ್ಲ ಬಿಡು. ನೀನು ದಬ್ಬಾದು" ಎಂದಳು ನನಗೆ.

ದಬ್ಬಿದೆ. ಇಬ್ಬರ ಭಾರ, ಒಂದು ಕಾಲು. ಭಾವ ಪ್ರತಿ ಫರ್ಲಾಂಗಿಗೂ "ಕುಂತೀಯಾ?" ಎಂದು ಕೇಳುವರು. "ಕುಂತೀನಿ, ಮುಂದೆ ನೋಡ್ರಿ" ಎಂದು ಅಕ್ಕ ಗದರುವಳು. ದಾವಣಗೆರೆಯ ಅಂಚಿಗೆ ಬರುವಷ್ಟರಲ್ಲಿ ನನ್ನ ಕಾಲು ನನ್ನದಾಗಿ ಉಳಿದಿರಲಿಲ್ಲ. ಗಾಡಿ ಕೊಂಡ ಅಂಗಡಿ ಎದುರಿಗೇ ಕಂಡಿತು.

"ಭಾವ, ನಿಲ್ಸ್ರಿ. ಇಲ್ಲಿ ಚಾರ್ಜರ್ ಇರ್ತೈತೆ."

ಭಾವ ತಿರುಗದೆ, ಮೆಲ್ಲಗೆ ಹೇಳಿದರು. "ಚಾರ್ಜ್ ಬ್ಯಾಡಪ್ಪ. ಹಿಂಗೇ ಮನೆತನಕ ದಬ್ಬು. ಇಳಿಸಿದ್ರೆ ಆಕಿ ಮತ್ತೆ ಹತ್ತಲ್ಲ."

ಅಕ್ಕನಿಗೆ ಕೇಳಿಸಿತು. ಕಂಬಿ ಹಿಡಿದಿದ್ದ ಕೈ ತೆಗೆದು ಭಾವನ ಹೆಗಲ ಮೇಲಿಟ್ಟಳು.

"ನಿಲ್ಸ್ರಿ. ಕೊಟ್ರೇಶಿ ಕಾಲು ಬಿದ್ದು ಹೋಗ್ತೈತೆ. ಚಾರ್ಜ್ ಹಾಕ್ಸ್ರಿ. ನಾನೇನು ಇಳಿಯಲ್ಲ."

ಅಂಗಡಿಯವನು ಕುರ್ಚಿ ತಂದಿಟ್ಟ. ಅಕ್ಕ ಅದರ ಕಡೆ ನೋಡಲಿಲ್ಲ. ಒಂದು ಗಂಟೆ ಹತ್ತು ನಿಮಿಷ ಆ ನಿಂತ ಗಾಡಿಯ ಮೇಲೆಯೇ, ತೊಡೆಯ ಮೇಲೆ ಪ್ರಸಾದದ ಚೀಲ ಇಟ್ಟುಕೊಂಡು ಕೂತಿದ್ದಳು. ಭಾವ ಹ್ಯಾಂಡಲ್ ಬಿಡದೆ ಪಕ್ಕದಲ್ಲೇ ನಿಂತಿದ್ದರು. ಚಹಾ ತರಲು ನಾನೇ ಕುಂಟುತ್ತ ಹೋದೆ.