ಹರಕು ಬಾವುಟದ ದಳವಾಯಿ

ಹರಕು ಬಾವುಟದ ದಂಡಿನ ಕ್ಯಾಪ್ಟನ್ನನನ್ನು ಕಣ್ಣಾರೆ ನೋಡಬೇಕೆಂದು ನಲವತ್ತು ಮಂದಿ ಕತ್ತು ಚಾಚಿ ನಿಂತಿದ್ದರು. ಕೆಲವರು ಫೋನು ಎತ್ತಿ ಹಿಡಿದಿದ್ದರು. ದಳವಾಯಿ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ತೆಗೆದು, ಹತ್ತಿಯ ಪದರ ಸರಿಸಿ, ಎರಡೇ ಬೆರಳಲ್ಲಿ ಹಗುರವಾಗಿ ಮೇಲೆತ್ತಿದ. ಬಂದದ್ದು ಯಾರದೋ ಮೇಲ್ದವಡೆಯ ಹಲ್ಲುಸೆಟ್ಟು. ಹದಿನಾಲ್ಕು ಹಲ್ಲೂ ಸಭೆಯನ್ನು ನೋಡಿ ನಕ್ಕವು. ಸಭೆಯೂ ನಕ್ಕಿತು.

“ಕ್ಯಾಪ್ಟನ್ ಸಿಕ್ಕಾಪಟ್ಟೆ ಹಲ್ಲು ಕಿರೀತಾನಲ್ಲಪ್ಪ!” ಎಂದು ಹಿಂದಿನಿಂದ ಯಾರೋ ಕೂಗಿದರು.

“ಬಾಡಿಗೆ ಸಿಪಾಯಿ ಅಂದ್ಮೇಲೆ ಹಲ್ಲು ಗಿಂಜಲೇಬೇಕಲ್ಲ,” ಎಂದ ಇನ್ನೊಬ್ಬ.

ದಳವಾಯಿ ಎನ್ನುವುದು ಈ ಗುಂಪಿನವರು ಇಟ್ಟ ಹೆಸರು. ಕಸುಬಿನಿಂದ ಅವನು ಹಲ್ಲು ಕಟ್ಟುವವನು. ಡಾಕ್ಟರಲ್ಲ, ಡಾಕ್ಟರು ಕಳಿಸಿದ ಅಚ್ಚಿನ ಮೇಲೆ ಮೇಣದಲ್ಲಿ ಹಲ್ಲು ಕೂರಿಸಿ, ಗುಲಾಬಿ ವಸಡು ಬೇಯಿಸಿ, ತೀಡಿ, ಹೊಳಪು ಕೊಟ್ಟು ಡಬ್ಬಿಗೆ ಹಾಕಿ ಕಳಿಸುವವನು. ಆಸ್ಪತ್ರೆ ಬೀದಿಯ ಹಿಂದೆ, ಒಂದೇ ಕಿಟಕಿಯ ಕೋಣೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಕೂತಿದ್ದಾನೆ. ಊರಿನ ಅರ್ಧ ಜನರ ಬಾಯಲ್ಲಿ ಅವನ ಕೆಲಸವಿದೆ. ಒಬ್ಬರ ಬಾಯಲ್ಲೂ ಅವನ ಹೆಸರಿಲ್ಲ.

ಆಟ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ದೊಡ್ಡದೊಂದು ಮೇಜು, ಅದರ ಮೇಲೆ ಥರ್ಮಾಕೋಲಿನ ಬೆಟ್ಟ, ಬಣ್ಣ ಬಳಿದ ಹೆಬ್ಬೆರಳುದ್ದದ ಸೈನಿಕರು. ದಾಳ ಎಸೆಯಬೇಕು, ಅಳತೆಪಟ್ಟಿ ಹಿಡಿದು ಸೈನ್ಯ ಸರಿಸಬೇಕು, ಒಂದು ಅಂಗುಲಕ್ಕೆ ಒಂದು ಗಂಟೆ ಜಗಳ ಆಡಬೇಕು. ಯಕ್ಷರು, ರಾಕ್ಷಸರು, ಬೆಟ್ಟದ ಕುಳ್ಳರು, ಯಾರ ಸೈನ್ಯ ಬೇಕೋ ಅದನ್ನು ಅಂಗಡಿಯಿಂದ ತಂದು ಕಟ್ಟಿಕೊಳ್ಳಬಹುದು. ಅವರ ನಡುವೆ ಹರಕು ಬಾವುಟದ ದಂಡು ಅಂತ ಒಂದಿತ್ತು. ಕೂಲಿಗೆ ಕಾದಾಡುವ ಬರೀ ಮನುಷ್ಯರು. ಮಾಟವಿಲ್ಲ, ಮಂತ್ರವಿಲ್ಲ, ರೆಕ್ಕೆ ಮೊದಲೇ ಇಲ್ಲ. ನಿಯಮದ ಪ್ರಕಾರ ಅವರು ತಮಗಾಗಿ ಯುದ್ಧ ಮಾಡುವಂತೆಯೂ ಇಲ್ಲ. ಯಾವುದಾದರೂ ರಾಜ ಬಾಡಿಗೆಗೆ ಕರೆದರೆ ಹೋಗಬೇಕು, ಗೆದ್ದರೆ ಗೆಲುವು ರಾಜನದು. ಅವರಿಗಿದ್ದದ್ದು ಒಂದೇ ಸ್ವಾತಂತ್ರ್ಯ: ರಾಜ ಸೋಲುವ ಹಾಗೆ ಕಂಡರೆ ದಾಳ ಎಸೆದು, ಅದೃಷ್ಟವಿದ್ದರೆ ಕಣ ಬಿಟ್ಟು ಓಡಬಹುದು.

ಇಂಥ ದಂಡನ್ನು ಯಾರು ಕೊಳ್ಳುತ್ತಾರೆ? ಯಾರೂ ಕೊಳ್ಳಲಿಲ್ಲ. ಮೂರೇ ವರ್ಷಕ್ಕೆ ಕಂಪನಿ ಅದನ್ನು ನಿಲ್ಲಿಸಿತು. ಕೊಂಡವನು ನಮ್ಮ ಹಲ್ಲಿನವನೊಬ್ಬನೇ. ದಂಡಿನ ಅರವತ್ತೊಂದು ಸಿಪಾಯಿಗಳಲ್ಲಿ ಇಬ್ಬರಿಗೆ ಮುಂದಿನ ಹಲ್ಲಿರಲಿಲ್ಲ, ಅದು ಅವನಿಗೆ ಹಿಡಿಸಿತ್ತು.

ಆಗ ಭಾನುವಾರ ಭಾನುವಾರ ಅವನ ಗೆಳೆಯ ವಕೀಲನ ಅಪ್ಪನ ಕಾರು ಶೆಡ್ಡಿನಲ್ಲಿ ಆಟ. ವಕೀಲ ಆಗಿನ್ನೂ ವಕೀಲನಾಗಿರಲಿಲ್ಲ, ವಾದ ಮಾತ್ರ ಆಗಲೇ ಇತ್ತು. “ಲೋ, ನಮ್ಮ ಕಡೆ ಕಮ್ಮಿ ಬಿದ್ದಿದೆ, ನಿನ್ನ ಭಿಕಾರಿಗಳನ್ನ ಈ ಕಡೆ ತಳ್ಳು,” ಎನ್ನುತ್ತಿದ್ದ. ಇವನು ತಳ್ಳುತ್ತಿದ್ದ. ಭಿಕಾರಿಗಳು ಮುಂದೆ ನಿಂತು ಸಾಯುತ್ತಿದ್ದರು, ಹಿಂದೆ ರಾಜ ಗೆಲ್ಲುತ್ತಿದ್ದ. ಆಮೇಲೆ ಶೆಡ್ಡು ಮಾರಿದರು, ಹುಡುಗರು ಚದುರಿದರು, ಎಲ್ಲರೂ ಒಂದೊಂದು ದಿಕ್ಕಿಗೆ ದೊಡ್ಡವರಾದರು.

ಸತ್ತ ಎಮ್ಮೆಗೆ ಆರು ಸೇರು ಹಾಲು. ಇಪ್ಪತ್ತಾರು ವರ್ಷ ಕಳೆದ ಮೇಲೆ ‘ಹರಕು ಬಾವುಟ ಮತ್ತೆ ಹಾರಲಿ’ ಎಂಬ ಫೋನು ಗುಂಪು ಹುಟ್ಟಿತು. ಅಂಗಡಿಯಲ್ಲಿ ಧೂಳು ಹಿಡಿದಾಗ ಮುಟ್ಟದಿದ್ದವರೆಲ್ಲ ಈಗ ಅದರ ಹಳೇ ಚಿತ್ರ ನೋಡಿ ಕಣ್ಣೀರು ಹಾಕಿದರು. ಇಂಥ ದಂಡು ಇನ್ನು ಬರೋದಿಲ್ಲ, ಅದು ನಮ್ಮ ಯೌವನ, ಅದು ನಮ್ಮ ಆತ್ಮ ಎಂದೆಲ್ಲ ಬರೆದರು. ವಕೀಲನಂತೂ ಸೇತುವೆ ಕದನದ ಕಥೆಯನ್ನು ಕಂತು ಕಂತಾಗಿ ಹಾಕಿದ. ಶೆಡ್ಡಿನ ಕೊನೆಯ ಭಾನುವಾರ, ತನ್ನ ರಾಜ ಸೇತುವೆಯ ಮೇಲೆ ಸೋಲುತ್ತಿದ್ದಾಗ, ದಂಡಿನವನು ಓಡುವ ದಾಳವನ್ನು ಎಸೆಯಲೇ ಇಲ್ಲವಂತೆ. ಕೊನೆಯ ಸಿಪಾಯಿಯವರೆಗೂ ರಾಜನ ಮುಂದೆ ನಿಂತು ಸತ್ತರಂತೆ. ‘ಕೂಲಿಯವರಿಗೂ ನಿಷ್ಠೆ ಇರುತ್ತದೆ ಎಂದು ನನಗೆ ಕಲಿಸಿದ ಗೆಳೆಯ’ ಎಂದು ಮುಗಿಸಿದ್ದ. ದಳವಾಯಿ ಎಂಬ ಬಿರುದು ಬಂದದ್ದು ಆಗಲೇ. ಕಥೆ ಓದಿದ ದಳವಾಯಿ ಕೈಮುಗಿದ ಚಿತ್ರವೊಂದನ್ನು ಹಾಕಿ ಸುಮ್ಮನಾದ. ಇಡೀ ಸೆಟ್ಟು ಉಳಿದಿರುವುದು ಅವನೊಬ್ಬನ ಬಳಿ ಎಂದು ಗೊತ್ತಾದ ದಿನ ವಕೀಲ ಖುದ್ದು ಫೋನು ಮಾಡಿದ.

“ಒಂದು ಸಮಾವೇಶ ಮಾಡೋಣ ಕಣೋ. ಈ ಸಲ ದಾಳ ನಿನ್ನ ಕೈಲೇ. ಹರಕು ಬಾವುಟ ಒಂದು ಸಲವಾದ್ರೂ ತನಗೋಸ್ಕರ ಯುದ್ಧ ಮಾಡ್ಲಿ. ನಿಯಮ ಗಿಯಮ ಎಲ್ಲ ಮೂಲೆಗೆ.”

ಆ ಒಂದು ಮಾತಿಗಾಗಿ ದಳವಾಯಿ ಎರಡು ತಿಂಗಳು ಬದುಕಿದ. ಸಿಪಾಯಿಗಳ ಬಣ್ಣ ತಿದ್ದಿದ, ಮುರಿದ ಈಟಿಗಳನ್ನು ವಸಡು ಕೂಡಿಸುವ ಅಂಟಿನಿಂದಲೇ ಕೂಡಿಸಿದ, ಒಬ್ಬೊಬ್ಬರನ್ನೂ ಹಲ್ಲುಸೆಟ್ಟಿನ ಡಬ್ಬಿಯಲ್ಲಿ ಹತ್ತಿ ಹಾಸಿ ಮಲಗಿಸಿದ. ಕೆಲಸದ ಮೇಜಿನ ಮೇಲೆ ಮೇಣದ ತುಂಡುಗಳನ್ನು ಶತ್ರು ಮಾಡಿಕೊಂಡು ಯುದ್ಧ ಹೂಡಿದ.

“ದಂಡು ದಂಡು ಅಂತ ನನ್ನ ಜನ್ಮ ದಂಡ ಆಯ್ತು,” ಎಂದಳು ಹೆಂಡತಿ. “ಅಲ್ರೀ, ಅವತ್ತು ಭಿಕಾರಿಗಳು ಅಂದೋರು ಇವತ್ತು ಯಾಕೆ ಕರೀತಿದಾರೆ, ಯೋಚ್ನೆ ಮಾಡಿದ್ರಾ?”

“ಆಡೋಕೆ ಕರೀತಿದಾರೆ.”

“ಆಡೋಕೋ, ಆಡ್ಸೋಕೋ?”

ಅವನು ಕ್ಯಾಪ್ಟನ್ನನ ಮೀಸೆಗೆ ಕಪ್ಪು ಹಚ್ಚಿದ.

ಅರವತ್ತೊಂದು ಡಬ್ಬಿಗಳ ಪಕ್ಕ ಅದೇ ಬಣ್ಣದ, ಅದೇ ಅಳತೆಯ ಅರವತ್ತೆರಡನೆಯ ಡಬ್ಬಿ ಇತ್ತು. ಸಮಾವೇಶದ ದಿನ ಬೆಳಿಗ್ಗೆ ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿಗೆ ಹೋಗಬೇಕಾದದ್ದು ಈ ಸಭಾಂಗಣಕ್ಕೆ ಬಂತು, ಇಲ್ಲಿಗೆ ಬರಬೇಕಾದದ್ದು ಅಲ್ಲಿಗೆ ಹೋಯಿತು. ಹಲ್ಲುಸೆಟ್ಟು ಇನ್ನೂ ಅವನ ಕೈಯಲ್ಲಿರುವಾಗಲೇ ಡಾಕ್ಟರಮ್ಮನ ಫೋನು ಬಂತು.

“ಏನ್ರೀ ಇದು? ಪೇಶೆಂಟು ಬಾಯಿ ತಕ್ಕೊಂಡು ಕೂತಿದಾರೆ, ಡಬ್ಬಿ ತೆಗೆದ್ರೆ ಒಬ್ಬ ಮೀಸೆಯವನು ಈಟಿ ಹಿಡ್ಕೊಂಡು ಮಲಗಿದಾನೆ!”

“ಈಗ್ಲೇ ಬಂದೆ ಮೇಡಂ.” ಅವನು ವಕೀಲನ ಕಡೆ ತಿರುಗಿದ. “ಮುಕ್ಕಾಲು ಗಂಟೆ. ಶುರು ಮಾಡ್ಬೇಡಿ.”

“ಛೆ ಛೆ! ನೀನಿಲ್ದೆ ಎಂಥ ಯುದ್ಧ? ಹೋಗ್ಬಾ,” ಎಂದು ವಕೀಲ ಬೆನ್ನು ತಟ್ಟಿದ.

ಕ್ಲಿನಿಕ್ಕಿನಲ್ಲಿ ಕುರ್ಚಿಯ ಮೇಲೆ ನಿವೃತ್ತ ಟೀಚರೊಬ್ಬರು ಬಾಯಿಗೆ ಕರ್ಚೀಫು ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಕ್ಯಾಪ್ಟನ್ನನನ್ನು ಹಿಡಿದು ಕೂತಿದ್ದರು.

“ಇವನು ಚೆನ್ನಾಗೇ ಇದಾನಪ್ಪ,” ಎಂದರು ಕರ್ಚೀಫಿನೊಳಗಿಂದ. “ಆದ್ರೆ ಇವನಿಂದ ಅಗಿಯೋಕಾಗಲ್ಲ.”

ಸೆಟ್ಟು ಕೊಟ್ಟು ಓಡಿಬರಬಹುದಿತ್ತು. ಆದರೆ ಹಾಕಿದ ಕೂಡಲೇ ಅವರು, “ಎಡಗಡೆ ಒತ್ತುತ್ತೆ,” ಎಂದರು. ಡಾಕ್ಟರಮ್ಮ ಅವನ ಮುಖ ನೋಡಿದರು. ಕಸುಬು ಕಾಲು ಹಿಡಿಯಿತು. ನೀಲಿ ಕಾಗದ ಕಚ್ಚಿಸಿ, ಗುರುತು ಬಿದ್ದಲ್ಲಿ ತೀಡಿ, ಮತ್ತೆ ಕಚ್ಚಿಸಿ, ಮತ್ತೆ ತೀಡಿದ. ಐದನೆಯ ಸಲಕ್ಕೆ ಟೀಚರು ಕನ್ನಡಿ ನೋಡಿಕೊಂಡು, “ಈಗ ನಾನು ನನ್ನ ಹಾಗೇ ಕಾಣ್ತೀನಿ,” ಎಂದರು. ಡಾಕ್ಟರಮ್ಮ, “ಅದಕ್ಕೇ ಅಲ್ವಾ ನಾವಿರೋದು,” ಎಂದರು. ನಾವು ಎಂದಾಗ ಅವರ ಕೈ ತಮ್ಮ ಎದೆಯ ಮೇಲೆ ಮಾತ್ರ ಇತ್ತು. ಹೇಳಿದ್ದು ಮುಕ್ಕಾಲು ಗಂಟೆ, ಕಳೆದದ್ದು ಎರಡು ಗಂಟೆ.

ಅವನು ಕ್ಯಾಪ್ಟನ್ನನನ್ನು ಜೇಬಿನಲ್ಲಿಟ್ಟುಕೊಂಡು ಸಭಾಂಗಣದ ಮೆಟ್ಟಿಲು ಏರುವಾಗಲೇ ಚಪ್ಪಾಳೆ ಕೇಳಿಸಿತು. ಮೇಜಿನ ಸುತ್ತ ಜನ. ನಡುವೆ ವಕೀಲ, ಅಂಗಿತೋಳು ಮಡಿಚಿ, ಹರಕು ಬಾವುಟವನ್ನು ಬೆಟ್ಟದ ಮೇಲೆ ಸರಿಸುತ್ತಿದ್ದ. ನಲವತ್ತು ಸಿಪಾಯಿಗಳು ಆಗಲೇ ಸತ್ತು ರಟ್ಟಿನ ಪೆಟ್ಟಿಗೆಯ ಮುಚ್ಚಳದಲ್ಲಿ ಒಬ್ಬರ ಮೇಲೊಬ್ಬರು ಬಿದ್ದಿದ್ದರು. ಅವನು ಕೂಡಿಸಿದ್ದ ಈಟಿಗಳಲ್ಲಿ ಮೂರು ಮುರಿದಿದ್ದವು.

“ಬಂದ್ಯಾ! ಈ ಹಾಲ್‌ನ ನಾಲ್ಕು ಗಂಟೆಗೆ ಬಿಟ್ಟು ಕೊಡ್ಬೇಕಂತೆ ಕಣೋ, ಏನ್ಮಾಡೋದು? ನಿನ್ನ ಪರವಾಗಿ ನಾನೇ ಆಡ್ತಿದೀನಿ. ನಿನಗಿಂತ ಚೆನ್ನಾಗೇ ಆಡ್ತಿದೀನಿ, ಕೇಳು ಬೇಕಾದ್ರೆ ಇವರನ್ನ!”

“ಎಷ್ಟು ಸರದಿ ಉಳಿದಿದೆ?”

“ಒಂದೇ, ಕೊನೇದು.”

ದಳವಾಯಿ ಕ್ಯಾಪ್ಟನ್ನನನ್ನು ಮೇಜಿನ ಮೇಲಿಟ್ಟು ದಾಳಕ್ಕೆ ಕೈ ಚಾಚಿದ. ವಕೀಲ ಅವನ ಮಣಿಕಟ್ಟನ್ನು ಮೆತ್ತಗೆ ಹಿಡಿದುಕೊಂಡ. “ಇರು ಇರು, ವಿಡಿಯೋ ಆಗ್ತಿದೆ. ಕೈ ಅಡ್ಡ ಬರತ್ತೆ.”

ಅವನು ಕೈ ಹಿಂದಕ್ಕೆ ಎಳೆದುಕೊಂಡ. ಆ ಕೈಗೆ ಇನ್ನೂ ನೀಲಿ ಬಣ್ಣ ಮೆತ್ತಿತ್ತು. ವಕೀಲ ಎಸೆದ, ಆರು ಬಿತ್ತು, ಹರಕು ಬಾವುಟ ಗೆದ್ದಿತು. ಜನ ವಕೀಲನನ್ನು ತಬ್ಬಿಕೊಂಡರು. ದಪ್ಪಗಿನವನೊಬ್ಬ ಗಳಗಳ ಅತ್ತ. ಆ ದಂಡಿನ ಒಬ್ಬ ಸಿಪಾಯಿಯನ್ನೂ ಅವನು ಯಾವತ್ತೂ ಕೊಂಡವನಲ್ಲ.

ಆಮೇಲೆ ನೆನಪಾಗಿ ದಳವಾಯಿಯನ್ನು ಮುಂದಿನ ಸಾಲಿನ ಕುರ್ಚಿಗೆ ತಂದು ಕೂರಿಸಿದರು. ಗುಂಪಿಗಾಗಿ ಚಿತ್ರೀಕರಣ ಮಾಡುತ್ತಿದ್ದ ಹುಡುಗಿ ಮೈಕು ಹಿಡಿದು ಎದುರಿಗೆ ಬಂದಳು. ವಕೀಲ ಪಕ್ಕದಲ್ಲೇ ನಿಂತು ಅವನ ಹೆಗಲ ಮೇಲೆ ಕೈಯಿಟ್ಟ, ಕಣ್ಣು ಆಗಲೇ ಒದ್ದೆಯಾಗಿತ್ತು.

“ಸರ್, ಈ ಒಂದು ಮಾತು ಕೇಳೋಕೆ ನಾವೆಲ್ಲ ಇಪ್ಪತ್ತಾರು ವರ್ಷ ಕಾದಿದೀವಿ,” ಎಂದಳು ಹುಡುಗಿ. ಆಗ ಅವಳು ಹುಟ್ಟಿದ್ದಳೋ ಇಲ್ಲವೋ. “ಸೇತುವೆ ಕದನದಲ್ಲಿ ದಾಳ ಎಸೆದಿದ್ರೆ ನಿಮ್ಮ ದಂಡು ಉಳ್ಕೊಳ್ತಿತ್ತೇನೋ. ಆದ್ರೂ ನೀವು ಎಸೀಲಿಲ್ಲ. ಆ ಕ್ಷಣ ನಿಮ್ಮ ಮನಸ್ಸಲ್ಲಿ ಏನಿತ್ತು ಸರ್?”

ದಳವಾಯಿ ಮೈಕನ್ನು ನೋಡಿದ, ಹೆಗಲ ಮೇಲಿನ ಕೈಯನ್ನು ನೋಡಿದ.

“ಸೋಡಾ,” ಎಂದ. “ಆರು ಬಾಟ್ಲಿ ತಗೊಂಡು ಬಾ ಅಂತ ಇವರು ಅಂಗಡಿಗೆ ಕಳ್ಸಿದ್ರು. ನಾನು ವಾಪಸ್ ಬರೋ ಹೊತ್ತಿಗೆ ನನ್ನ ಸರದೀನೂ ಇವರೇ ಆಡಿ ಮುಗಿಸಿದ್ರು.”